ನಿಂತು ಬರೆಯುತ್ತಿದ್ದವರು

ಯಾವ ಕಚೇರಿ ಅಂತ ಮಾತ್ರ ಕೇಳಬೇಡಿ. ಕೊಳ್ಳೇಗಾಲದಲ್ಲಿ ಆಗ ಇದ್ದ ಸರ್ಕಾರಿ ಕಚೇರಿಗಳಲ್ಲಿ ಒಂದು ಅಂದುಕೊಳ್ಳಿ, ಸಾಕು. ಅಲ್ಲಿದ್ದ ಆ ಗುಮಾಸ್ತರ ಹೆಸರನ್ನೂ ನಾನು ಬರೆಯುವುದಿಲ್ಲ. ಬರೆದರೆ ಗುರುತು ಹಿಡಿಯುವವರು ಯಾರಾದರೂ ಉಳಿದಿದ್ದಾರೆಯೇ ಅಂತ ಯೋಚಿಸಿ ನೋಡಿದೆ. ಒಬ್ಬರೂ ನೆನಪಿಗೆ ಬರಲಿಲ್ಲ. ಅದೇ ನನಗೆ ಬೇಜಾರು. ಅದಕ್ಕೇ ಇವತ್ತು ಬರೆಯಲು ಕೂತಿದ್ದೇನೆ. ಕೂತಿದ್ದೇನೆ ಅಂದರೆ ಅವರು ಬೈಯುತ್ತಿದ್ದರು.

ನಾನು ಯಳಂದೂರಿನವಳು. ಕನ್ನಡ ಟೈಪಿಂಗ್ ಕಲಿತವರು ಬೇಕು ಅಂತ ಕರೆದಾಗ ಅರ್ಜಿ ಹಾಕಿ, ಮನೆಯಲ್ಲಿ ಅಪ್ಪನ ಹತ್ತಿರ ಜಗಳ ಆಡಿ, ಅರವತ್ತನೇ ಇಸವಿಯ ಆಸುಪಾಸಿನಲ್ಲಿ ಈ ಕೆಲಸಕ್ಕೆ ಸೇರಿದೆ. ದಿನಾ ಬಸ್ಸಿನಲ್ಲಿ ಓಡಾಟ. ಐವತ್ತಾರರವರೆಗೆ ಕೊಳ್ಳೇಗಾಲ ಮದರಾಸಿನವರ ಕೈಯಲ್ಲಿತ್ತು, ನಮ್ಮ ಯಳಂದೂರು ಮೈಸೂರಿನವರದು. ಹಾಗಾಗಿ ಪಕ್ಕದ ಊರಾದರೂ ನನಗೆ ಆ ಕಚೇರಿ ಪರದೇಶದ ಹಾಗೆ ಕಂಡಿತು. ಗೋಡೆ ತುಂಬ ತಮಿಳು ಬರಹ, ಬೀರು ತುಂಬ ಇಂಗ್ಲಿಷ್ ಕಾಗದ. ಆ ಹಳೆಯ ಕಾಗದಗಳನ್ನು ಓದಿ, ರೈತರಿಗೆ ಬೇಕಾದ್ದನ್ನು ಕನ್ನಡದಲ್ಲಿ ನಕಲು ಬರೆದುಕೊಡುವುದು ಆ ಗುಮಾಸ್ತರ ಕೆಲಸ. ಎಲ್ಲರೂ ಅವರನ್ನು ನಕಲು ಗುಮಾಸ್ತರು ಅನ್ನುತ್ತಿದ್ದರು. ಹಳ್ಳಿಯವರಿಗೆ ಅವರು 'ನಿಂತ್ಕಂಡಿರೋ ಸಾ'.

ಯಾಕೆಂದರೆ ಅವರು ಕೂರುತ್ತಿರಲಿಲ್ಲ. ಮೇಜು ಇತ್ತು, ಕುರ್ಚಿ ಇತ್ತು. ಕುರ್ಚಿಯ ಮೇಲೆ ಅವರ ಛತ್ರಿ ಮತ್ತು ಬುತ್ತಿ ಕೂತಿರುತ್ತಿದ್ದವು. ಆ ಕಟ್ಟಡ ಬಿಳಿಯರ ಕಾಲದ್ದು, ಗೋಡೆ ಮೊಳಗಟ್ಟಲೆ ದಪ್ಪ, ಕಿಟಕಿಯ ಕಟ್ಟೆ ಎದೆಯೆತ್ತರಕ್ಕೆ ಅಗಲವಾಗಿ ಚಾಚಿಕೊಂಡಿತ್ತು. ಅದೇ ಅವರ ಮೇಜು. ಅದರ ಮೇಲೆ ಕಾಗದ ಹರಡಿಕೊಂಡು, ಮಸಿಯ ದವಾತಿಗೆ ಲೇಖನಿ ಅದ್ದಿ ಅದ್ದಿ ಬರೆಯುತ್ತ, ಹಿಮ್ಮಡಿ ಎತ್ತಿ ಇಳಿಸಿ ಎತ್ತಿ ಇಳಿಸಿ ಮಾಡುತ್ತ ನಿಂತಿರುತ್ತಿದ್ದರು. ಬಿಳಿ ಷರಟು, ಕಚ್ಚೆ ಪಂಚೆ, ಕಾಲಿಗೆ ಟೈರಿನ ಚಪ್ಪಲಿ. ಒಂದು ಹಾಳೆ ಮುಗಿದರೆ ತಾವೇ ಎತ್ತಿಕೊಂಡು ಆ ತುದಿಯ ಕೋಣೆಗೆ ಹೋಗಿ ಕೊಟ್ಟು ಬರುವುದು. ಬಂದು ಮತ್ತೆ ನಿಲ್ಲುವುದು.

ನಿಜ ಹೇಳುತ್ತೇನೆ, ಮೊದಮೊದಲು ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ತಾವು ನಿಂತಿರುವುದು ಸಾಲದು ಅಂತ ನನ್ನನ್ನೂ ಏಳಿಸುವ ಚಟ ಬೇರೆ. "ಟೈಪಿಸ್ಟಮ್ಮ, ಎದ್ದೇಳಿ. ಒಂದು ಸುತ್ತು ಬನ್ನಿ. ಬೆಳಗಿಂದ ಹಾಗೇ ಇದ್ದೀರಿ." ಅವರಿಗೇನು, ಗಂಡಸು. ಆ ಕಚೇರಿಗೆಲ್ಲ ನಾನೊಬ್ಬಳೇ ಹೆಂಗಸು. ನಾನು ಎದ್ದರೆ ಇಡೀ ಕಚೇರಿಯ ಕಣ್ಣೂ ನನ್ನ ಜೊತೆ ಏಳುತ್ತಿತ್ತು. ಹೆಂಗಸರಿಗೆ ಅಂತ ಒಂದು ಮರೆಯೂ ಇಲ್ಲದ ಜಾಗ. ನೀರು ಕುಡಿಯದೆ, ಮಿಸುಕಾಡದೆ, ಸಂಜೆ ಬಸ್ಸಿನವರೆಗೂ ಸೊಂಟ ಬಿಗಿಹಿಡಿದು ಕೂತಿರುವುದೇ ಮರ್ಯಾದೆ ಅಂದುಕೊಂಡಿದ್ದೆ. ಒಂದು ದಿನ ರೇಗಿಯೇಬಿಟ್ಟೆ. "ನೀವು ನಿಮ್ಮ ಕೆಲಸ ನೋಡಿಕೊಳ್ಳಿ ಸಾರ್. ನಾನು ಎದ್ದು ಎಲ್ಲಿಗೆ ಹೋಗಲಿ? ಇವರ ಮುಖ ನೋಡಿಕೊಂಡು ಬರಲಾ?"

ಅವರು ತಿರುಗಿ ಕಿಟಕಿಯ ಕಟ್ಟೆಗೆ ಹೋಗಿ ಬರೆಯತೊಡಗಿದರು. ಮಾರನೆಯ ದಿನದಿಂದ ಒಂದು ಹೊಸ ಪದ್ಧತಿ ಶುರುವಾಯಿತು. ಗಂಟೆಗೊಂದು ಸಲ ಯಾವುದಾದರೂ ಒಂದು ಕಾಗದ ನನ್ನ ಮೇಜಿನ ಮೇಲೆ ಇಟ್ಟು, ಎಲ್ಲರಿಗೂ ಕೇಳುವ ಹಾಗೆ, "ಇದನ್ನ ಹಿಂದಿನ ರೆಕಾರ್ಡ್ ರೂಮಿಗೆ ತಲುಪಿಸಿ ಬನ್ನಿ, ತುಂಬ ಅರ್ಜೆಂಟು" ಅನ್ನುತ್ತಿದ್ದರು. ರೆಕಾರ್ಡ್ ರೂಮು ಹಿತ್ತಲ ಆಚೆ, ಹುಣಸೆ ಮರ ದಾಟಿ. ಅಲ್ಲಿ ಹೋಗಿ ನೋಡಿದರೆ ಅರ್ಜೆಂಟೂ ಇಲ್ಲ ಏನೂ ಇಲ್ಲ, ಹಳೇ ರದ್ದಿ ಕಾಗದ. ನಾನು ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮರದ ನೆರಳಲ್ಲಿ ಒಂದಿಷ್ಟು ಓಡಾಡಿ ವಾಪಸು ಬರುತ್ತಿದ್ದೆ. ತಿಂಗಳು ತುಂಬುವುದರೊಳಗೆ ಸೊಂಟದ ನೋವು ಎಲ್ಲಿ ಹೋಯಿತೋ. ಅವರ ಮೇಲಿನ ಸಿಟ್ಟೂ ಅದರ ಜೊತೆಯೇ ಹೋಯಿತು.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕೇಳಿಯೇಬಿಟ್ಟೆ, ಯಾಕೆ ಸಾರ್ ಈ ವ್ರತ ಅಂತ. ಬುತ್ತಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ನಿಂತೇ ಮೊಸರನ್ನ ತಿನ್ನುತ್ತಿದ್ದರು. ಪಂಚೆಯನ್ನು ಒಂದಿಷ್ಟು ಮೇಲೆ ಸರಿಸಿ ಎಡಗಾಲು ತೋರಿಸಿದರು. ಮೊಣಕಾಲಿನ ಕೆಳಗೆ ನರಗಳು ಗಂಟುಗಂಟಾಗಿ ಎದ್ದು, ಚರ್ಮ ಕಪ್ಪಿಟ್ಟಿತ್ತು.

"ಮೊದಲು ನಾನೂ ಎಲ್ಲರ ಹಾಗೆ ಕೂತೋನೇ ಅಮ್ಮಾ. ಬೆಳಗ್ಗೆ ಕೂತರೆ ಸಾಯಂಕಾಲ ಏಳೋದು. ಒಂದು ದಿನ ಈ ಕಾಲು ಬಾತುಕೊಂಡು ಬಾಳೆದಿಂಡಿನ ಹಾಗಾಯ್ತು. ಜ್ವರ ಬೇರೆ. ರೂಮಿನಲ್ಲಿ ಮಲಗಿದ್ದೆ. ಆ ಗೋಡೆ ಹತ್ತಿರ ನೀರಿನ ಕೊಡ. ಕೊಡ ಕಾಣ್ತಾ ಇತ್ತು, ಕಾಲು ಬರ್ತಾ ಇರಲಿಲ್ಲ. ಕೂಗಿದೆ. ಯಾರ ಹೆಸರು ಹಿಡಿದು ಕೂಗಬೇಕು ಅಂತ ಗೊತ್ತಾಗಲಿಲ್ಲ. ಸುಮ್ಮನೆ, 'ಯಾರಾದ್ರೂ ಇದ್ದೀರಾ' ಅಂತ ಕೂಗಿದೆ."

ಕೊನೆಗೆ ಬಾಡಿಗೆ ಕೇಳಲು ಬಂದ ಮನೆಯ ಯಜಮಾನ ನೋಡಿ ಆಸ್ಪತ್ರೆಗೆ ಸೇರಿಸಿದನಂತೆ. ಅಲ್ಲಿಯ ಡಾಕ್ಟರು ಚೆನ್ನಾಗಿ ತಿಳಿಯ ಹೇಳಿದರಂತೆ: ಕೂತೇ ಇದ್ದರೆ ಕಾಲಿನ ರಕ್ತ ಕಾಲಲ್ಲೇ ನಿಂತು ಹೆಪ್ಪುಗಟ್ಟುತ್ತದೆ, ನಡೆದರೆ ಮೀನಖಂಡ ಅದನ್ನು ಹಿಂಡಿ ಹಿಂಡಿ ಮೇಲಕ್ಕೆ ಕಳಿಸುತ್ತದೆ, ಬರೀ ನಿಂತರೂ ಸಾಲದು, ಆಡಿಸುತ್ತಿರಬೇಕು, ಇನ್ನೊಂದು ಸಲ ಹೆಪ್ಪುಗಟ್ಟಿದರೆ ಕಾಲು ಹೋಗಬಹುದು, ಜೀವವೂ ಹೋಗಬಹುದು.

"ಜೀವ ಹೋದ್ರೆ ಹೋಗ್ಲಿ, ಒಂದೇ ಸಲ ಮುಗೀತದೆ. ಕಾಲು ಹೋದ್ರೆ ಏನಮ್ಮಾ ಮಾಡ್ಲಿ? ನಿಮಗೆಲ್ಲ ಕಾಲು ಅಂದ್ರೆ ಬರೀ ಕಾಲು. ನನಗೆ ಮಕ್ಕಳೂ ಇವೇ, ಮನೆಯವಳೂ ಇವೇ. ನೀರು ತಂದುಕೊಡೋಕೆ ಇವು ಬಿಟ್ಟರೆ ಬೇರೆ ಯಾರಿದ್ದಾರೆ?" ಅಂದು ಅನ್ನ ಕಲಸತೊಡಗಿದರು.

ಮದುವೆಯಾಗಿ ವರ್ಷ ತುಂಬುವುದರೊಳಗೆ ಹೆಂಡತಿ ತೀರಿಕೊಂಡಿದ್ದರಂತೆ. ಐವತ್ತಾರರಲ್ಲಿ ಇವರ ಅಣ್ಣ, ಜೊತೆಯ ಗುಮಾಸ್ತರು, ಊಟದ ಮನೆಯ ಸ್ನೇಹಿತರು ಎಲ್ಲ ವರ್ಗ ಮಾಡಿಸಿಕೊಂಡು, ಮದರಾಸಿನಲ್ಲೇ ಉಳಿದ ಸತ್ಯಮಂಗಲದ ಕಡೆ ಹೊರಟುಹೋದರು. ನೀವ್ಯಾಕೆ ಹೋಗಲಿಲ್ಲ ಅಂದರೆ, "ಮನೆಮಾತು ಕನ್ನಡ, ಕನ್ನಡದ ಕಡೆ ಉಳ್ಕೊಂಡೆ" ಅಂತ ದೊಡ್ಡದಾಗಿ ಹೇಳುತ್ತಿದ್ದರು. ಇನ್ನೊಂದು ದಿನ ತಾವಾಗಿಯೇ, "ಬಾ ಅಂತ ಯಾರೂ ಕರೀಲಿಲ್ಲಮ್ಮ" ಅಂದರು.

ಸಂಜೆ ನನ್ನನ್ನು ಬಸ್ ನಿಲ್ದಾಣದವರೆಗೆ ಬಿಟ್ಟು ಹೋಗುವುದು ಅವರ ರೂಢಿ. ಜೊತೆಯಲ್ಲಿ ಅಲ್ಲ, ನಾಲ್ಕು ಮಾರು ಹಿಂದೆ, ಯಾರೂ ಏನೂ ಅನ್ನಬಾರದು ಅಂತ. ಬಸ್ಸು ಹೊರಟ ಮೇಲೆ ಅವರು ಮಧುವನಹಳ್ಳಿ ರಸ್ತೆ ಹಿಡಿದು ನಡೆಯಲು ಹೊರಡುವುದು ಕಿಟಕಿಯಿಂದ ಕಾಣುತ್ತಿತ್ತು. ಭಾನುವಾರ ಏನು ಮಾಡುತ್ತೀರಿ ಅಂತ ಕೇಳಿದ್ದೆ.

"ನಡೀತೀನಿ."

"ಎಲ್ಲಿಯವರೆಗೆ?"

"ವಾಪಸ್ ಹೋಗಬೇಕು ಅನ್ನಿಸೋವರೆಗೆ. ಕೆಲವು ಸಲ ಅನ್ನಿಸೋದೇ ಇಲ್ಲ."

ಇನ್ನು ಕಚೇರಿಯವರ ಪಾಡು. ಜವಾನನಿಗೆ ಇವರನ್ನು ಕಂಡರೆ ಆಗುತ್ತಿರಲಿಲ್ಲ. ಗುಮಾಸ್ತ ಅನ್ನುವವನು ಕೂತಲ್ಲಿಂದ ಕೂಗಬೇಕು, ಜವಾನ ಓಡಿ ಬರಬೇಕು, ಕಾಗದ ಎತ್ತಿಕೊಂಡು ಹೋಗಬೇಕು. ಇವರು ತಾವೇ ಹೊತ್ತುಕೊಂಡು ತಿರುಗಿದರೆ ಅವನ ಗತಿಯೇನು? "ನನ್ ಒಟ್ಟೆ ಮ್ಯಾಲೆ ಒಡೀತಾವ್ರಲ್ಲಾ ಸಾ ಇವ್ರು" ಅಂತ ಸಿಕ್ಕಸಿಕ್ಕವರ ಹತ್ತಿರ ಗೋಳಾಡುತ್ತಿದ್ದ. ಉಳಿದ ಗುಮಾಸ್ತರಿಗೂ ಮುಜುಗರ. ಒಬ್ಬ ಹಿರಿಯ ನಿಂತಿರುವಾಗ ತಾವು ಕೂತಿರುವುದು ಹೇಗೋ ಚುಚ್ಚುತ್ತಿತ್ತು. ಅದನ್ನು ಮುಚ್ಚಿಕೊಳ್ಳಲು ಹಿಂದಿನಿಂದ ಗೇಲಿ ಮಾಡುತ್ತಿದ್ದರು.

ಹಳ್ಳಿಯವರದು ಬೇರೆಯೇ ಕಷ್ಟ. ಸರ್ಕಾರದ ಮನುಷ್ಯ ಕೂತಿರಬೇಕು, ತಾವು ಟವಲು ಕಂಕುಳಲ್ಲಿ ಇಟ್ಟುಕೊಂಡು ಎದುರು ನಿಂತಿರಬೇಕು. ಅವರಿಗೆ ಗೊತ್ತಿದ್ದುದು ಅದು. ಇವರು ನಿಂತಿದ್ದರೆ ಮಾತೇ ಹೊರಡದು. ಶಾಗ್ಯದ ಯಜಮಾನರೊಬ್ಬರು, ಬಿಳಿ ಮೀಸೆಯ ದೊಡ್ಡ ಮೈಯಾಳು, ಮೊದಲ ಸಲ ಬಂದಾಗ ಎಷ್ಟೋ ಹೊತ್ತು ಬಾಯಿ ಬಿಡಲಿಲ್ಲ. "ಏನು ಯಜಮಾನ್ರೇ, ಹೇಳಿ" ಅಂದರೆ, "ನೀವ್ ಕೂತ್ಕಳಿ ಸಾ, ಆಮ್ಯಾಕೆ ಯೋಳ್ತೀನಿ." "ನಾನು ಕೂರಲ್ಲ, ನೀವು ಹೇಳಿ." "ಅದೆಂಗಾದದು ಸಾ? ನೀವು ನಿಂತ್ಕಂಡು ನಾನು ನಿಂತ್ಕಂಡ್ರೆ ಸಂತೇಲಿ ಮಾತಾಡ್ದಂಗಾಯ್ತದೆ." ಕೊನೆಗೆ ಇವರು ಅವರ ಹೆಗಲ ಮೇಲೆ ಕೈಯಿಟ್ಟು, "ನಡೀರಿ, ನಡೀತಾ ಮಾತಾಡೋಣ" ಅಂತ ಕಚೇರಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿ, ಅವರ ತಾತನ ಕಾಲದ ಜಮೀನಿನ ಕಾಗದ ಹುಡುಕಿಸಿ, ಯಾವ ಕೋಣೆಗೆ ಹೋಗಬೇಕೋ ಆ ಕೋಣೆಗೆ ತಾವೇ ಕರೆದುಕೊಂಡು ಹೋಗಿ ನಿಂತು ಕೆಲಸ ಮಾಡಿಸಿಕೊಟ್ಟರು. ಸರ್ಕಾರಿ ಕಚೇರಿಯಲ್ಲಿ ಹೆಗಲ ಮೇಲೆ ಕೈಯಿಟ್ಟವರನ್ನು ಆ ಯಜಮಾನರು ಅದುವರೆಗೆ ಕಂಡಿರಲಿಲ್ಲ. ಶಾಗ್ಯಕ್ಕೆಲ್ಲ ಸುದ್ದಿಯಾಯಿತು. ಅಲ್ಲಿಂದ ಮುಂದೆ ಯಾರೇ ಬಂದರೂ ಸೀದಾ ಆ ಕಿಟಕಿಗೆ ಬರುವುದು. ಮಾರ್ಟಳ್ಳಿಯಿಂದ ಬರುವ ಹೆಂಗಸರಂತೂ ತಮಿಳು ಬಿಟ್ಟು ಬೇರೆ ಬಾರದವರು, ಇವರ ಬಾಯಲ್ಲಿ ತಮಿಳು ಕೇಳಿದರೆ ತವರಿನವರನ್ನು ಕಂಡ ಹಾಗೆ ಮುಖ ಅರಳಿಸುತ್ತಿದ್ದರು. ಅವರನ್ನೆಲ್ಲ ಕೋಣೆಯಿಂದ ಕೋಣೆಗೆ ನಡೆಸಿಕೊಂಡು ಹೋಗುವುದೇ ಇವರ ಕಾಲಿಗೆ ಔಷಧವಾಯಿತು. ಬಾವು ಇಳಿದಿತ್ತು. ಮುಖದಲ್ಲೂ ಒಂದು ಗೆಲುವು ಬಂದಿತ್ತು.

ಆಮೇಲೆ ಹೊಸ ಸಾಹೇಬರು ಬಂದರು. ಹಳೆಯ ಸಾಹೇಬರು ಇವರ ತಂಟೆಗೆ ಬಂದವರಲ್ಲ. ಹೊಸಬರು ಕೆಟ್ಟವರೇನಲ್ಲ, ಆದರೆ ಜನ ಏನಂದುಕೊಳ್ಳುತ್ತಾರೋ ಅನ್ನುವ ಭಯ ಜಾಸ್ತಿ. ಅವರು ಬಂದ ಕೆಲವು ವಾರಕ್ಕೆ, ನಾನು ಒಳಗೆ ಅವರ ಮುಂದೆ ಕೂತು ಕಾಗದ ಬರೆದುಕೊಳ್ಳುತ್ತಿದ್ದಾಗ, ಶಾಗ್ಯದ ಯಜಮಾನರು ಹತ್ತಾರು ಜನರನ್ನು ಕಟ್ಟಿಕೊಂಡು ಒಳಗೆ ಬಂದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಎಲೆ ಅಡಿಕೆ. ಮೇಜಿನ ಮೇಲಿಟ್ಟು ಕೈಮುಗಿದರು.

"ಏನಯ್ಯಾ ಇದು?" ಅಂದರು ಸಾಹೇಬರು.

"ಬುದ್ದಿ, ತಪ್ಪು ಯಾರ್ ಮಾಡಾಕಿಲ್ಲ ಯೋಳಿ? ಆ ನಕ್ಲು ಸಾ ಏನ್ ತಪ್ಪು ಮಾಡವ್ರೋ ನಮ್ಗೊತ್ತಿಲ್ಲ. ಏನಾರಾ ಆಗ್ಲಿ, ಒಟ್ಟೆಗಾಕ್ಕಳಿ. ವರ್ಸಗಟ್ಲೆ ನಿಂತವ್ರೆ. ವಯಸ್ಸಾದೋರು. ಅವ್ರ್ನ ಕೂರ್ಸಿ ಬುದ್ದಿ."

"ಅವರನ್ನ ನಿಲ್ಲಿಸಿದೋರು ಯಾರು?"

"ಸಾಯೇಬ್ರೇ ನಿಲ್ಸೋದಲ್ವಾ ಬುದ್ದಿ? ಇಸ್ಕೂಲಲ್ಲಿ ಮೇಷ್ಟ್ರು ನಿಲ್ಸಾಕಿಲ್ವಾ, ಅಂಗೆ. ಇಂದ್ಲೋರು ನಿಲ್ಸುದ್ರು, ನೀವಾರಾ ಮನ್ಸು ಮಾಡಿ."

ನನಗೆ ನಗು ಉಕ್ಕಿಬಂತು. ತುಟಿ ಕಚ್ಚಿ ತಡೆದುಕೊಂಡೆ. ಸಾಹೇಬರ ಮುಖ ಕೆಂಪಗಾಗಿತ್ತು. ಗುಮಾಸ್ತರನ್ನು ಶಾಲೆ ಹುಡುಗರ ಹಾಗೆ ನಿಲ್ಲಿಸುತ್ತಾರೆ ಅಂತ ಹಳ್ಳಿಹಳ್ಳಿಗೆಲ್ಲ ಸುದ್ದಿಯಾಗಿದೆ ಅಂದರೆ! ಇವರನ್ನು ಕರೆಸಿದರು. ಇವರು ಬಂದು ಬಾಗಿಲಲ್ಲಿ ನಿಂತು, ತಟ್ಟೆ ನೋಡಿದರು, ಆ ಜನರನ್ನು ನೋಡಿದರು.

"ನೋಡಿ, ಇವರೆಲ್ಲ ನಿಮ್ಮ ಪರವಾಗಿ ಬೇಡಿಕೊಳ್ಳೋಕೆ ಬಂದಿದ್ದಾರೆ" ಅಂದರು ಸಾಹೇಬರು. "ಏನು ಕಾರಣಕ್ಕೆ ನಿಲ್ಲುತ್ತೀರಿ ಅಂತ ಹೇಳಿ ಇವರಿಗೆ."

ಈಗ ಹೇಳುತ್ತಾರೆ, ಎಲ್ಲರೂ ನಗುತ್ತಾರೆ, ಕಾಯಿ ವಾಪಸು ತೆಗೆದುಕೊಂಡು ಹೋಗುತ್ತಾರೆ ಅಂದುಕೊಂಡೆ. ಅವರು ಬಾಯಿ ತೆರೆದರು, ಮಾತು ಬರಲಿಲ್ಲ. ಯಜಮಾನರು ಅವರ ಮೊಣಕೈ ಹಿಡಿದು ಹೊರಗೆ ಕರೆದುಕೊಂಡು ಹೋದರು, ಕುರ್ಚಿಯ ಮೇಲಿನ ಛತ್ರಿ, ಬುತ್ತಿ ಕೆಳಗಿಟ್ಟು, ತಮ್ಮ ಟವಲಿನಿಂದ ಧೂಳು ಹೊಡೆದು, "ಕೂತ್ಕಳಿ ಸಾ. ಆಯ್ತು, ಎಲ್ಲಾ ಮುಗೀತು, ಕೂತ್ಕಳಿ" ಅಂದರು. ಅವರು ಕೂತರು. ಅಳುತ್ತಿದ್ದರು. ಬಂದವರಿಗೆಲ್ಲ ಅದು ಬಿಡುಗಡೆಯಾದ ಸಂತೋಷದ ಕಣ್ಣೀರು ಅನ್ನಿಸಿ ಅವರೂ ಕಣ್ಣೊರೆಸಿಕೊಂಡರು. ಕಾಯಿ ಅಲ್ಲೇ ಮೆಟ್ಟಿಲ ಮೇಲೆ ಒಡೆದು ಎಲ್ಲರಿಗೂ ಚೂರು ಹಂಚಿದರು. ಜವಾನನಿಗೂ ಒಂದು ಹೋಳು ಸಿಕ್ಕಿತು.

"ಇನ್ನು ಮುಂದೆ ಎಲ್ಲರೂ ಅವರವರ ಜಾಗದಲ್ಲೇ ಕೂತು ಕೆಲಸ ಮಾಡಬೇಕು" ಅಂತ ಸಾಹೇಬರ ಅಪ್ಪಣೆಯಾಯಿತು.

ಜನ ಹೋದ ಮೇಲೆ ನಾನು ಅವರ ಮೇಜಿನ ಹತ್ತಿರ ಹೋಗಿ ನಿಂತೆ. "ಇದೇನು ಸಾರ್ ಹುಚ್ಚಾಟ? ಡಾಕ್ಟರು ಹೇಳಿದ್ದು ಮರೆತುಹೋಯ್ತಾ? ಸಾಹೇಬರಿಗೆ ಒಂದು ಮಾತು ಹೇಳಿದ್ದರೆ ಮುಗೀತಿತ್ತು."

"ಹೇಳಬೇಕು ಅಂತಲೇ ಇದ್ದೆ." ಮೇಜಿನ ಮೇಲಿದ್ದ ಕಾಯಿ ಚೂರನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ಅಷ್ಟು ದೂರದಿಂದ ಬಂದಿದ್ದಾರಮ್ಮ. ನನಗೋಸ್ಕರ. ನನ್ನ ಪರವಾಗಿ ಇದುವರೆಗೆ ಯಾರೂ ಯಾರ ಹತ್ತಿರವೂ ಕೈಮುಗಿದಿರಲಿಲ್ಲ. 'ನೀವು ಮಾಡಿದ್ದು ತಪ್ಪು, ನನಗೆ ಇದರಿಂದ ಕೆಡುಕು' ಅಂತ ಅವರ ಮುಖಕ್ಕೆ ಹೇಗೆ ಹೇಳಲಿ?"

"ಹಾಗಾದ್ರೆ ಕಾಲು?"

"ಸಂಜೆ ನಡೀತೀನಿ ಬಿಡಿ."

ನಾನು ಬಿಡುವವಳಲ್ಲ. ಸಾಹೇಬರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಪಾಪ, ಅವರೂ ಒಪ್ಪಿದರು. "ಡಾಕ್ಟರ ಚೀಟಿ ತಂದುಕೊಡಲಿ, ನಾಳೆಯಿಂದಲೇ ನಿಲ್ಲಲಿ. ಜನ ಕೇಳಿದರೆ ನಾನೂ ತೋರಿಸಬಹುದು" ಅಂದರು. ಇವರು ಚೀಟಿ ತರಲಿಲ್ಲ. ಚೀಟಿ ತಂದರೆ ಶಾಗ್ಯದವರಿಗೆ ಗೊತ್ತಾಗುತ್ತದೆ, ಅಷ್ಟೇ ಅವರ ವಾದ. ದಿನಾ ಕೇಳಿದೆ, ಬೈದೆ, ಒಂದು ವಾರ ಮಾತು ಬಿಟ್ಟೆ. ಏನು ಮಾಡಿದರೂ ಅಲುಗಾಡಲಿಲ್ಲ ಆ ಮನುಷ್ಯ. ಕೂತಲ್ಲೇ ಮೇಜಿನ ಕೆಳಗೆ ಹೊಲಿಗೆ ಯಂತ್ರ ತುಳಿದ ಹಾಗೆ ಪಾದ ಆಡಿಸುತ್ತಿದ್ದರು. ಬರವಣಿಗೆಯಲ್ಲಿ ಮುಳುಗಿದರೆ ಅದೂ ನಿಂತುಹೋಗುತ್ತಿತ್ತು.

ಶಾಗ್ಯದವರು ಸಂತೆಗೆ ಬಂದಾಗೆಲ್ಲ ಆ ಕಿಟಕಿಯಲ್ಲಿ ಇಣುಕುವರು. ಕೆಲಸವಿಲ್ಲದಿದ್ದರೂ ಸರಿ. "ಕೂತವ್ರೆ ಕಣ್ಲಾ" ಅಂತ ಒಬ್ಬರಿಗೊಬ್ಬರು ಹೇಳಿಕೊಂಡು, ತಾವೇ ಕೂರಿಸಿದ ದೇವರನ್ನು ನೋಡಿದ ಹಾಗೆ ನೋಡಿ, ಸಮಾಧಾನದಿಂದ ಹೋಗುವರು. ಒಂದೊಂದು ಸಲ ಒಂದು ಹಿಡಿ ಅವರೆಕಾಯೋ, ನಾಲ್ಕು ಸೀಬೆಹಣ್ಣೋ ಕಟ್ಟೆಯ ಮೇಲೆ ಇಟ್ಟು ಹೋಗುವರು. ಅವರು ಬರುವ ದಿನ ಇವರು ಬೆಳಗಿನಿಂದಲೇ ಕಿಟಕಿಯ ಕಡೆ ನೋಡುತ್ತಿರುತ್ತಿದ್ದರು. ಎಷ್ಟು ಸಿಟ್ಟು ಬಂದರೂ, ಆ ನೋಟ ಕಂಡ ಮೇಲೆ ನನಗೆ ಬೈಯಲು ಬಾಯಿ ಬರುತ್ತಿರಲಿಲ್ಲ.

ಮಳೆಗಾಲ ಬರುವ ಹೊತ್ತಿಗೆ ಎಡಗಾಲು ಮತ್ತೆ ಬಾತಿತು. ಸಂಜೆಯ ನಡಿಗೆ ಬಸ್ ನಿಲ್ದಾಣದವರೆಗೆ ಬಂದು ನಿಂತಿತು, ಆಮೇಲೆ ಅದೂ ಇಲ್ಲ. ಕಚೇರಿ ಬಾಗಿಲಲ್ಲೇ ನಿಂತು, "ಹುಷಾರಾಗಿ ಹೋಗಿ ಬನ್ನಿ ಟೈಪಿಸ್ಟಮ್ಮ" ಅನ್ನುತ್ತಿದ್ದರು. ರೂಮಿನಲ್ಲಿ ನೀರಿನ ಕೊಡವನ್ನು ಹಾಸಿಗೆಯ ಪಕ್ಕಕ್ಕೇ ಎಳೆದುಕೊಂಡಿದ್ದೇನೆ ಅಂತ ಒಂದು ದಿನ ನಗುತ್ತಾ ಹೇಳಿದರು. ಆಸ್ಪತ್ರೆಗೆ ಹೋಗೋಣ, ನಾನೂ ಬರುತ್ತೇನೆ ಅಂದೆ. ಸೋಮವಾರ ಹೋಗೋಣ ಅಂದರು.

ಆ ಸೋಮವಾರ ಬರಲೇ ಇಲ್ಲ. ಅದಕ್ಕೆ ಮುಂಚಿನ ಶುಕ್ರವಾರ ಮಧ್ಯಾಹ್ನ ಮಾರ್ಟಳ್ಳಿಯ ಒಬ್ಬ ಹೆಂಗಸು, ಸೊಂಟದಲ್ಲಿ ಮಗು, ಕೈಯಲ್ಲಿ ಯಾವುದೋ ಕಾಗದ, ಬಾಗಿಲಿಂದ ಬಾಗಿಲಿಗೆ ಅಲೆಯುತ್ತಿದ್ದಳು. ಎಲ್ಲರೂ ಕೂತಲ್ಲಿಂದಲೇ ಅಲ್ಲಿಗೆ ಹೋಗು, ಇಲ್ಲಿಗೆ ಹೋಗು ಅಂತ ಕೈ ತೋರಿಸಿದರು. ಅವಳಿಗೆ ಕನ್ನಡ ಬಾರದು. ನಡುವೆ ನಿಂತು ಅತ್ತುಬಿಟ್ಟಳು. ಇವರು ಮೇಜಿಗೆ ಎರಡೂ ಕೈ ಊರಿ ಎದ್ದರು. "ವಾಮ್ಮಾ" ಅಂತ ಅವಳನ್ನು ಕರೆದರು. ಕೆಲವು ಹೆಜ್ಜೆ ನಡೆದಿರಬಹುದು, ಎದೆ ಹಿಡಿದುಕೊಂಡು ಗೋಡೆಗೆ ಒರಗಿದರು. ನಾನು ಓಡಿಹೋಗುವಷ್ಟರಲ್ಲಿ ಉಸಿರು ಸಿಗದೆ ಒದ್ದಾಡುತ್ತಿದ್ದರು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಆಮೇಲೆ ಆ ಹಿಡಿತ ಸಡಿಲವಾಯಿತು. ಕಾಲಿನಲ್ಲಿ ಹೆಪ್ಪುಗಟ್ಟಿದ್ದ ರಕ್ತ ಎದ್ದು ಹೋಗಿ ಎದೆಯಲ್ಲಿ ಸಿಕ್ಕಿಕೊಂಡಿದೆ, ಕೂತೂ ಕೂತೂ ಆದದ್ದು, ಅಂತ ಡಾಕ್ಟರು ಬಂದು ನೋಡಿ ನನಗೂ ಸಾಹೇಬರಿಗೂ ಹೇಳಿದರು. ಸಾಹೇಬರು ತಲೆ ತಗ್ಗಿಸಿಕೊಂಡು ಒಳಗೆ ಹೋದರು.

ಅಣ್ಣನಿಗೆ ತಂತಿ ಕೊಟ್ಟೆವು. ಮಾರನೆಯ ದಿನ ಮಧ್ಯಾಹ್ನವಾದರೂ ಯಾರೂ ಬರಲಿಲ್ಲ. ಬಂದವರು ಶಾಗ್ಯದವರು, ಒಂದು ಲಾರಿ ತುಂಬ. ನಾವೇ ಮಕ್ಕಳ ಸ್ಥಾನದಲ್ಲಿ ನಿಂತು ಮಾಡುತ್ತೇವೆ ಅಂದರು. ನಮ್ಮ ಗುಮಾಸ್ತರ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಕೂರಿಸಿಯೇ ಮಣ್ಣು ಮಾಡುತ್ತಾರೆ. ರೂಮಿನ ಮುಂದಿನ ಜಗಲಿಯ ಮೇಲೆ ನಾಲ್ಕು ಜನ ಅವರನ್ನು ಎತ್ತಿ ಕೂರಿಸಿದರು. "ಮೊಣ್ಕಾಲು ಮಡುಸ್ರಪ್ಪಾ, ಮೆಲ್ಗೆ ಮಡುಸ್ರೋ, ಬಾತದೆ" ಅನ್ನುತ್ತಿದ್ದರು ಯಜಮಾನರು. ನಾನು ಅಂಗಳದಲ್ಲಿ ನಿಂತಿದ್ದೆ. ಮಲಗಿಸಿ, ದಯವಿಟ್ಟು ಮಲಗಿಸಿ ಅಂತ ಕಿರುಚಬೇಕು ಅನ್ನಿಸುತ್ತಿತ್ತು.

ಯಜಮಾನರು ಹೂವಿನ ಹಾರ ಸರಿಮಾಡಿ ನನ್ನ ಹತ್ತಿರ ಬಂದರು. ಕಣ್ಣು ಊದಿಕೊಂಡಿದ್ದವು. "ಕೊನ್ಗಾಲ್ದಲ್ಲಾರಾ ಕೂತ್ಕಂಡು ಸುಕ್ವಾಗಿದ್ರು ಕಣವ್ವಾ. ಅವತ್ತು ನಾವು ಬಂದು ಕೇಳ್ದೋಗಿದ್ರೆ ನಿಂತೂ ನಿಂತೂ ಪ್ರಾಣ ಬುಟ್ಬುಡೋರು ಪಾಪ. ಅಲ್ವಾ?"

ಡಾಕ್ಟರು ಹೇಳಿದ್ದೆಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ನನ್ನ ಎದೆ ಹಗುರವಾಗುತ್ತಿತ್ತು. ಆದರೆ ಯಾವುದನ್ನು ಆ ಮುದುಕನಿಗೆ ತಿಳಿಸಬಾರದು ಅಂತ ಅವರು ಜೀವ ಕೊಟ್ಟಿದ್ದರೋ, ಅದನ್ನು ಹೇಳಲು ನಾನು ಯಾರು?

"ಹೌದು ಯಜಮಾನ್ರೇ" ಅಂದೆ. "ನೀವೆಲ್ಲ ಅವತ್ತು ಬಂದಿದ್ದಕ್ಕೆ ಅವರಿಗೆ ತುಂಬ ಸಂತೋಷ ಆಗಿತ್ತು."

ಅದೇನೂ ಸುಳ್ಳಲ್ಲ.